ಕೇಡ್ರಾದ ಮರಳಲ್ಲಿ ಎರಡು ಗೆರೆ

ಒಂಬತ್ತನೆಯ ಭಾಗ ಬಿಟ್ಟಾಗ ರಾತ್ರಿ ಒಂದೂವರೆ.
ಮುಸಫ್ಫಾದ ಕೆಫೆಟೇರಿಯದ ಹೊರಗೆ
ಪ್ಲಾಸ್ಟಿಕ್ ಕುರ್ಚಿಗಳೂ ಬೆವರುತ್ತಿದ್ದವು.
ಐದು ಕಡಕ್ ಚಾ, ಒಂದಕ್ಕೆ ಸಕ್ಕರೆ ಬೇಡ,
ಎಂದು ಹೇಳಿ ಮುಗಿಸುವ ಮೊದಲೇ ಜಗಳ ಶುರು.

ಸತ್ತವಳು ಹೇಗೆ ಬಂದಳು?
ನಾಲ್ಕನೆಯದರಲ್ಲೇ ಸತ್ತಿದ್ದಾಳೆ ಕ್ಯಾಪ್ಟನ್ ಇವೋರಾ,
ನಾನು ಅತ್ತಿದ್ದೇನೆ, ಅಂದಳು ಶಿರ್ವದ ಲಿಡ್ವಿನ್.
ಹದಿನಾರು ವರ್ಷ ಐಸಿಯುವಿನಲ್ಲಿ ದುಡಿದವಳು,
ಸಾವಿನ ವಿಷಯದಲ್ಲಿ ಅವಳ ಹತ್ತಿರ ರಿಯಾಯಿತಿ ಇಲ್ಲ.
"ಗೆರೆ ನೇರ ಆದ ಮೇಲೆ ಮುಗಿಯಿತು.
ಟಿಕೇಟು ಮಾರಲಿಕ್ಕೆ ಹೆಣ ಎಬ್ಬಿಸಬಾರದು."

ಭಟ್ಕಳದ ಝುಹೈರ್ ನಕ್ಕ, ಅತ್ತರಿನಂಗಡಿಯ ನಗು,
ಮೊದಲು ಒಂದು ತೊಟ್ಟು, ಆಮೇಲೆ ಬೆಲೆ.
"ಸತ್ತದ್ದು ಅವಳ ನಕಲು, ಅಕ್ಕಾ.
ಇವೋರಾಳ ಉಂಗುರ ಯಾವತ್ತೂ ಎಡಗೈಯಲ್ಲಿ.
ಸತ್ತವಳದ್ದು ಬಲಗೈಯಲ್ಲಿತ್ತು.
ಹನ್ನೊಂದು ಸಲ ನಿಲ್ಲಿಸಿ ನೋಡಿದ್ದೇನೆ."

"ಅದೆಲ್ಲ ಇರ್ಲಿ ಬಿಡ್ರಿ," ಅಂದ ಸಿಂದಗಿಯ ಬಸಲಿಂಗ,
"ಹಡಗಿನ್ಯಾಗ ನಾನೂರು ಮಂದಿ.
ಒಂಬತ್ತೂ ಭಾಗದಾಗ ಒಂದರೆ ನಳ ತೋರ್ಸ್ಯಾರೇನ್ರಿ?
ಇಪ್ಪತ್ತು ಮಂದಿಗೆ ಒಂದು ಪಾಯಖಾನಿ ಇದ್ರ
ಮುಂಜಾನಿ ಏನಾಗ್ತದ, ನನಗ ಕೇಳ್ರಿ."
ಅವನು ಮೊದಲ ಎಂಟನ್ನೂ ಕಂಡದ್ದು
ಕ್ಯಾಂಪಿನ ಮೇಲಿನ ಬಂಕಿನಲ್ಲಿ, ಒಡೆದ ಫೋನಿನಲ್ಲಿ,
ಪ್ರತಿ ನಕ್ಷತ್ರಪುಂಜಕ್ಕೂ ಅಡ್ಡ ಒಂದು ಸೀಳು.
ಇವತ್ತು ಪರದೆ ಕಂಡು ಮೊದಲು ಕೇಳಿದ್ದು,
ಆ ಸೀಳು ಎಲ್ಲಿ ಹೋಯ್ತ್ರಿ?

ಕೊನೆಗೆ ಎಲ್ಲರೂ ಬಂದು ನಿಂತದ್ದು ಕೊನೆಯ ದೃಶ್ಯಕ್ಕೆ.
ಕೇಡ್ರಾ ಗ್ರಹ. ಹತ್ತು ಸಾವಿರ ವರ್ಷದಿಂದ ಉಸಿರಿಲ್ಲ.
ಕೆಂಪು ಮರಳಿನಲ್ಲಿ ಇವೋರಾ ಒಬ್ಬಳೇ,
ಅವಳ ಬೆನ್ನ ಹಿಂದಿನ ದಿಬ್ಬದ ಮೇಲೆ
ಜೋಡಿ ಗೆರೆ.

ಶತ್ರುವಿನ ನೌಕೆ ಇಳಿದದ್ದು, ಲಿಡ್ವಿನ್.
ಹತ್ತನೆಯ ಭಾಗಕ್ಕೆ ಬೀಜ, ಝುಹೈರ್.
ನಾನು, ಸ್ಟೋರ್‌ಕೀಪರ್, ಹುಬ್ಬು ಗಂಟಿಕ್ಕಿ,
ಅದು ಕಾಲ, ಹೋಗುವುದೊಂದು ಗೆರೆ ಬರುವುದೊಂದು, ಅಂದೆ.
ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಳ್ಳೆಯದೇ ಆಯಿತು.

"ಅದು ನನ್ನ ಗಾಡಿದು ಮಾರಾಯ್ರೆ."

ಹಮ್ಮಬ್ಬ. ಉಪ್ಪಿನಂಗಡಿಯವರು.
ಒಂದು ಟಿಕೇಟು ಉಳಿದಿತ್ತೆಂದು ಕರೆತಂದಿದ್ದೆವು,
ಮೊದಲರ್ಧ ಪೂರ್ತಿ ಗೊರಕೆ ಹೊಡೆದವರು.

"ಲಿವಾದಲ್ಲಿ ಶೂಟಿಂಗ್, ಹೋದ ವರ್ಷ ಜನವರಿ.
ನೀರಿನ ಟ್ಯಾಂಕರ್, ದಿನಕ್ಕೆ ಎರಡು ಟ್ರಿಪ್ಪು.
ಮರಳು ಅಷ್ಟು ಕೆಂಪಿಲ್ಲ, ಮತ್ತೆ ಬಣ್ಣ ಕೊಟ್ಟದ್ದು.
ಚಕ್ರದ ಗುರುತು ಗುಡಿಸಲಿಕ್ಕೇ ಆರು ಜನ ಇದ್ದರು,
ಆ ಒಂದು ದಿಬ್ಬ ಅವರಿಗೆ ತಪ್ಪಿದೆ.
ಹಿಂದಿನ ಬಲದ ಚಕ್ರ ಎಳೆಯುತ್ತಿತ್ತು.
ನೋಡಿ ಬೇಕಾದರೆ, ಗೆರೆ ಬಲಕ್ಕೆ ವಾಲಿದ್ದುಂಟು."

ಲಿಡ್ವಿನ್ ಫೋನು ತೆಗೆದು, ಎರಡು ಬೆರಳಲ್ಲಿ
ಸತ್ತ ಗ್ರಹವನ್ನು ದೊಡ್ಡದು ಮಾಡಿದಳು.
ವಾಲಿತ್ತು.

ಚಾ ತಣ್ಣಗಾಗುವಷ್ಟು ಹೊತ್ತು ಮೌನ. ಆಮೇಲೆ
"ಚಿತ್ರದಲ್ಲಿ ಕಂಡದ್ದು ಚಿತ್ರದ್ದು,
ನಿಮ್ಮ ಟ್ಯಾಂಕರ್ ಕಥೆಯಲ್ಲಿ ಇಲ್ಲ," ಎಂದಳು ಅವಳು,
ದನಿ ಸ್ವಲ್ಪ ನಡುಗಿತು.
ಬಸಲಿಂಗ ಮೇಜು ಕುಟ್ಟಿದ, ಗ್ಲಾಸು ಎಗರಿದವು:
"ನೀರು! ನಾ ಹೇಳಿದ್ದಿಲ್ಲೇನ್ರಿ?
ಯಾವ ಗ್ರಹ ಆದ್ರೇನು, ಮೊದಲ ನೀರಿನ ಗಾಡಿ ಬರಬೇಕು!"

ಹಮ್ಮಬ್ಬ ಬಿಸ್ಕತ್ತು ಅದ್ದಿದರು, ಅದು ಮುರಿದು ಮುಳುಗಿತು.
"ಆ ಹೆಂಗಸಿಗೆ ಚಳಿ. ಮೂಗು ಸೋರುತ್ತಿತ್ತು ಪಾಪ.
ಬೆಳಗ್ಗಿನ ಜಾವ ಗಾಡಿ ಹತ್ತಿರ ಬಂದು
ಬಿಸಿ ಏನಾದರೂ ಉಂಟಾ ಅಂತ ಕೈಯಲ್ಲೇ ಕೇಳಿದಳು.
ಫ್ಲಾಸ್ಕಿನಲ್ಲಿ ಜೀರಿಗೆ ನೀರು ಇತ್ತು, ಕೊಟ್ಟೆ.
ಸತ್ತವಳಾ ಬದುಕಿದವಳಾ, ನನಗದು ಗೊತ್ತಿಲ್ಲ.
ಎರಡು ಮುಚ್ಚಳ ಕುಡಿದಳು."

ಝುಹೈರ್ ಕುರ್ಚಿ ಮುಂದಕ್ಕೆಳೆದ.
ಅಂಗಡಿಯ ನಗು ಎಲ್ಲಿಯೂ ಇರಲಿಲ್ಲ.
"ಕಾಕಾ, ಸರಿ ನೆನಪು ಮಾಡಿ.
ಮುಚ್ಚಳ ಹಿಡಿದಾಗ
ಉಂಗುರ ಯಾವ ಕೈಯಲ್ಲಿತ್ತು?"

ಹಮ್ಮಬ್ಬ ಕಣ್ಣು ಮುಚ್ಚಿ ಲಿವಾಕ್ಕೆ ಹೋಗಿ ಬಂದರು.

"ಗ್ಲೌಸ್ ಹಾಕಿದ್ದಳಲ್ಲ ಮಾರಾಯ."